ಬೋಗುಣಿ ಬಿಟ್ಟ ಕೈ

ಅಟಾಲಿಯಾ ಕೆಲಸ ಮಾಡುತ್ತಿದ್ದದ್ದು ಮಪುಟೊ ಪಟ್ಟಣದ ಕಡಲ ದಿಕ್ಕಿನ ಒಂದು ಗಾಜಿನ ಕಟ್ಟಡದಲ್ಲಿ. ನೆಲ ಒರೆಸುವುದು, ಕಿಟಕಿ ಉಜ್ಜುವುದು, ದೊಡ್ಡವರು ಕೂತು ಮಾತಾಡಿ ಎದ್ದುಹೋದ ಮೇಜುಗಳ ಮೇಲಿನ ಬೆರಳ ಗುರುತು ಅಳಿಸುವುದು ಅವಳ ಪಾಲಿನ ಕೆಲಸ. ದೇಶದ ಉತ್ತರದ ಕಡಲಲ್ಲಿ ಸಿಕ್ಕಿದ ಅನಿಲದ ವ್ಯವಹಾರ ನೋಡಿಕೊಳ್ಳುವವರ ಕಚೇರಿಗಳು ಅಲ್ಲಿದ್ದವು. ಅನಿಲ ಸಿಕ್ಕಿದೆ, ಇನ್ನು ನಮ್ಮ ಕಷ್ಟ ತೀರಿತು ಎಂದು ರೇಡಿಯೋದವರು ಹೇಳತೊಡಗಿದಾಗ ಅಟಾಲಿಯಾಳ ಮಗಳು ಎದೆಹಾಲು ಕುಡಿಯುತ್ತಿದ್ದಳು. ಈಗ ಆ ಹುಡುಗಿ ಶಾಲೆಯಿಂದ ಬಂದು ತಾನೇ ಒಲೆ ಹಚ್ಚುತ್ತಾಳೆ. ಈ ನಡುವೆ ಪಟ್ಟಣದ ತುಂಬ ಕ್ರೇನುಗಳು ಎದ್ದವು, ಕೊಲ್ಲಿಗೆ ಅಡ್ಡಲಾಗಿ ಸೇತುವೆ ಬಂತು, ಹೊಸ ರಸ್ತೆ ಬಂತು, ಅದಕ್ಕೆ ಟೋಲೂ ಬಂತು. ಕಾರ್ಮಿಕರ ದಿನ ಹತ್ತಿರವಾದಾಗಲೆಲ್ಲ ಸಂಬಳ ಏರಿತೆಂದು ಸುದ್ದಿಯಾಗುತ್ತಿತ್ತು. ಹೆಚ್ಚುಕಮ್ಮಿ ಅದೇ ವಾರ ಬೇಕರಿಯ ಬ್ರೆಡ್ಡು ಒಂದು ಬೆರಳಿನಷ್ಟು ಗಿಡ್ಡವಾಗುತ್ತಿತ್ತು.

ಹಾಗೆಂದು ಅವಳು ಗೊಣಗುವ ಹೆಂಗಸಲ್ಲ. ಗಂಡ ಫೆನಿಯಾಸನಿಗೆ ಸಿಮೆಂಟು ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ಲಾರಿ ಬಂದ ದಿನ ಕೂಲಿ, ಬಾರದ ದಿನ ಇಲ್ಲ. ಹೀಗಿರುವಾಗ ತಿಂಗಳ ಕೊನೆಗೆ ಎಷ್ಟಾದರೂ ಸರಿ, ತಪ್ಪದೆ ಬರುವ ಸಂಬಳ ಮನೆಯಲ್ಲಿ ಅವಳದೊಂದೇ. ಅವಳನ್ನು ಸುಸ್ತು ಮಾಡುತ್ತಿದ್ದದ್ದು ಕೆಲಸವಲ್ಲ, ಕೆಲಸಕ್ಕೆ ಹೋಗುವ ದಾರಿ. ಮನೆ ಇದ್ದದ್ದು ಮಟೋಲಾ ಗಾರೆ ಎಂಬ ದೂರದ ಹೊರವಲಯದಲ್ಲಿ. ಷಾಪಾ ಎಂಬ ಬಾಡಿಗೆ ವ್ಯಾನಿನವರು ಪೂರ್ತಿ ದಾರಿ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅರ್ಧ ದಾರಿಗೆ ಇಳಿಸಿ, ಅದೇ ವ್ಯಾನನ್ನು ತಿರುಗಿಸಿ ನಿಲ್ಲಿಸಿ, ಹತ್ತಿ ಮತ್ತೆ ದುಡ್ಡು ಕೊಡಿ ಎನ್ನುತ್ತಿದ್ದರು. ಹೋಗಲಿಕ್ಕೆ ಎರಡು ಸಲ, ಬರಲಿಕ್ಕೆ ಎರಡು ಸಲ ಕೊಟ್ಟರೆ ಸಂಬಳದಲ್ಲಿ ಉಳಿಯುವುದೇನು? ಹಾಗಾಗಿ ಅಟಾಲಿಯಾ ಆ ಕಡೆಯ ನೂರಾರು ಜನರಂತೆ ತೆರೆದ ಲಾರಿ ಹತ್ತುತ್ತಿದ್ದಳು.

ಆ ಲಾರಿಗಳಿಗೆ ಜನ ಇಟ್ಟ ಹೆಸರು ‘ಮೈ ಲವ್’. ಹಿಂದೆ ಕೂರಲು ಹಲಗೆಯಿಲ್ಲ, ಹಿಡಿಯಲು ಕಂಬಿಯಿಲ್ಲ. ಅಂಚಿನಲ್ಲಿ ನಿಂತವರು ಅಂಚು ಹಿಡಿಯುತ್ತಾರೆ, ಉಳಿದವರು ಒಬ್ಬರನ್ನೊಬ್ಬರು ಹಿಡಿಯುತ್ತಾರೆ. ಹೆಸರು ಗೊತ್ತಿಲ್ಲದವರ ಸೊಂಟ, ತೋಳು, ಹೆಗಲು ಸಿಕ್ಕಿದ್ದು ಹಿಡಿದು ಪಟ್ಟಣದವರೆಗೆ ಬರಬೇಕು. ಮೊದಮೊದಲು ಅಟಾಲಿಯಾಗೆ ನಾಚಿಕೆಯಾಗುತ್ತಿತ್ತು. ಆಮೇಲೆ ನಾಚಿಕೆಗೂ ಜಾಗವಿಲ್ಲದಷ್ಟು ಜನ ತುಂಬತೊಡಗಿದರು. ದಿನಾ ಬರುತ್ತಿದ್ದ ಒಬ್ಬ ಮುದುಕ, ಲಾರಿ ಹೊರಟಾಗಲೆಲ್ಲ ಅದೇ ಮಾತು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ: “ಅನಿಲ ಬರೋವರ್ಗೂ ಗಟ್ಟಿಯಾಗಿ ಹಿಡ್ಕೊಂಡಿರ್ರಪ್ಪ.”

ಅದು ಮೇ ತಿಂಗಳ ಒಂದು ಬೆಳಗು. ಅಟಾಲಿಯಾ ಕೊನೆಗೆ ಹತ್ತಿದ್ದರಿಂದ ಹಿಂಬದಿಯ ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದಳು. ದಾರಿಯಲ್ಲಿ ಸಿಗುವ ಮಶಾವಾದಲ್ಲಿ ಇನ್ನಷ್ಟು ಜನ ಹತ್ತಿದರು. ಅವರಲ್ಲಿ ದುಂಡು ಮುಖದ, ತಲೆಗೆ ಹಳದಿ ಬಟ್ಟೆ ಕಟ್ಟಿದ ಹೆಂಗಸೊಬ್ಬಳು ದೊಡ್ಡದೊಂದು ಬೋಗುಣಿ ಹಿಡಿದುಕೊಂಡು ಹತ್ತಿ, ಅಟಾಲಿಯಾಳ ಪಕ್ಕದಲ್ಲೇ ಹೇಗೋ ಸೇರಿಕೊಂಡಳು. ಬೋಗುಣಿಯ ತುಂಬ ರುಬ್ಬಿದ ಅಲಸಂದೆ ಹಿಟ್ಟು, ಮೇಲೆ ಒದ್ದೆ ಬಟ್ಟೆ. ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಬಜಿಯಾ ಕರಿದು ಬ್ರೆಡ್ಡಿನಲ್ಲಿಟ್ಟು ಮಾರುವವಳು ಎಂದು ನೋಡಿದರೇ ತಿಳಿಯುತ್ತಿತ್ತು. ಬೋಗುಣಿಯನ್ನು ಅವಳು ಎರಡೂ ಕೈಯಿಂದ ಹೊಟ್ಟೆಗೆ ಅವುಚಿಕೊಂಡಿದ್ದಳು. ಅವಳು ಬೀಳದಂತೆ ಸುತ್ತಲಿನವರೇ ಒತ್ತಿಕೊಂಡು ನಿಂತಿದ್ದರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ವ್ಯಾನು ಅಡ್ಡ ನುಗ್ಗಿತು. ಲಾರಿಯವನು ಬ್ರೇಕು ಹಾಕಿ, ಪಕ್ಕಕ್ಕೆಳೆದು, ಮತ್ತೆ ಒಮ್ಮೆಲೇ ಮುಂದಕ್ಕೆ ಬಿಟ್ಟ. ಚಕ್ರ ಗುಂಡಿಗಿಳಿದು ಎದ್ದಿತು. ಹಿಂಬದಿ ಹಲಗೆಯ ಕೊಂಡಿ ಕಳಚಿಕೊಂಡಿತು. ಅಟಾಲಿಯಾಳ ಬೆನ್ನ ಹಿಂದೆ ಇದ್ದದ್ದು ಇಲ್ಲವಾಯಿತು. ಅವಳು ಆಕಾಶ ನೋಡಿದಳು, ಹಿಂದೆ ಬರುತ್ತಿದ್ದ ಬಸ್ಸಿನ ದೀಪ ನೋಡಿದಳು. ಅಷ್ಟರಲ್ಲಿ ಒಂದು ಕೈ ಅವಳ ಮಣಿಕಟ್ಟು ಹಿಡಿಯಿತು, ಇನ್ನೊಂದು ಸೊಂಟದ ಬಟ್ಟೆಯ ಗಂಟು ಹಿಡಿಯಿತು. ರಸ್ತೆಯ ಮೇಲೆ ಏನೋ ದಡಾರೆಂದು ಬಿದ್ದ ಸದ್ದಾಯಿತು. ಆಮೇಲೆ ನಾಲ್ಕಾರು ಕೈಗಳು ಸೇರಿ ಅವಳನ್ನು ಒಳಕ್ಕೆಳೆದವು.

ಲಾರಿ ನಿಂತದ್ದು ಬಹಳ ಮುಂದೆ ಹೋಗಿ. ಡ್ರೈವರ್ ಅರ್ಲಿಂಡೊ ಇಳಿದು ಬಂದು, ಎಲ್ಲರಿಂದ ಬೈಸಿಕೊಳ್ಳುತ್ತ, ಹಲಗೆಯನ್ನು ಹಗ್ಗದಲ್ಲಿ ಬಿಗಿದ. ಹಳದಿ ಬಟ್ಟೆಯ ಹೆಂಗಸು ಹಿಂದಿನ ರಸ್ತೆ ನೋಡುತ್ತ ನಿಂತಿದ್ದಳು. ಬೋಗುಣಿ ಬಸ್ಸಿನ ಚಕ್ರಕ್ಕೆ ಸಿಕ್ಕಿ ತಗಡಾಗಿತ್ತು. ಹಿಟ್ಟು ಉದ್ದಕ್ಕೂ ಚೆಲ್ಲಿ, ಆಗಲೇ ನಾಯಿಗಳು ಮೂಸುತ್ತಿದ್ದವು.

“ಈ ರಸ್ತೆಗೂ ಹಸಿವಾಗಿತ್ತು ಅಂತ ಕಾಣತ್ತೆ,” ಎಂದಳು ಅವಳು. ಹೆದರಿದ್ದ ಜನ ನಕ್ಕರು. ಅಟಾಲಿಯಾಳ ಹಲ್ಲು ಕಟಕಟ ಎನ್ನುತ್ತಿತ್ತು. ಹೆಂಗಸು ಅವಳ ಬೆನ್ನು ಸವರಿ, “ಉಸ್ರು ಬಿಡು ತಂಗಿ. ಮೊದ್ಲು ಉಸ್ರು ಬಿಡು,” ಎಂದಳು.

ಶಿಪಾಮನೀನೆ ಮಾರುಕಟ್ಟೆಯ ಬಳಿ ಎಲ್ಲರೂ ಇಳಿದರು. ತಡವಾಗಿತ್ತು. ತಡವಾದರೆ ಕಟ್ಟಡದ ಶುಚಿ ಕೆಲಸದ ಗುತ್ತಿಗೆದಾರ ಅರ್ಧ ದಿನದ ಸಂಬಳ ಮುರಿಯುತ್ತಿದ್ದ. ಅಟಾಲಿಯಾಳ ಕಾಲುಗಳು ತಮ್ಮಷ್ಟಕ್ಕೆ ಮುಂದಿನ ವ್ಯಾನಿನ ಕಡೆ ಓಡಿದವು. ಹತ್ತು ಮಾರು ಹೋದ ಮೇಲೆ ಅವಳಿಗೆ ತಾನು ಒಂದು ಮಾತನ್ನೂ ಆಡಲಿಲ್ಲವೆಂದು ನೆನಪಾಗಿ ತಿರುಗಿ ನೋಡಿದಳು. ಮಾರುಕಟ್ಟೆಯ ಜನಜಂಗುಳಿಯಲ್ಲಿ ಹಳದಿ ಬಟ್ಟೆ ಕಟ್ಟಿದ ತಲೆಗಳು ಎಷ್ಟೋ ಇದ್ದವು.

ಆ ದಿನ ಮೇಜು ಒರೆಸುವಾಗ ತನ್ನ ಮಣಿಕಟ್ಟು ಅವಳ ಕಣ್ಣಿಗೆ ಬೀಳುತ್ತಲೇ ಇತ್ತು. ಹಿಡಿದೆಳೆದ ಕೈಯ ಐದು ಬೆರಳೂ ನೀಲಿಗಟ್ಟಿ ಮೂಡಿದ್ದವು.

ಸಂಜೆ ಮನೆಯಲ್ಲಿ ಹೇಳಿದಾಗ ಫೆನಿಯಾಸ ಮಗಳನ್ನು ಹತ್ತಿರ ಎಳೆದುಕೊಂಡು ಕೂತ. ಅತ್ತೆ ಎಸ್ತೆಲಾ, ಜೋಳದ ಹಿಟ್ಟಿನ ಶೀಮಾ ಮುದ್ದೆ ತಿರುವುತ್ತಿದ್ದವಳು, ಕೋಲು ಬಿಟ್ಟು ಎದ್ದು ಬಂದಳು.

“ಹೆಸ್ರು ಕೇಳಿದ್ಯಾ?”

“ಇಲ್ಲಮ್ಮ. ಕೆಲ್ಸಕ್ಕೆ ತಡ ಆಗ್ತಿತ್ತು.”

“ಸತ್ತಿದ್ರೆ ಎಷ್ಟು ತಡ ಆಗ್ತಿತ್ತು?” ಎಂದಳು ಎಸ್ತೆಲಾ. ಗದರಿಸುವ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದಳು. ಆಮೇಲೆ ಹೇಳಿದಳು: ಜೀವ ಹಿಡಿದವರಿಗೆ ಬೀದಿಯಲ್ಲಿ ನಿಂತು ಕೃತಜ್ಞತೆ ಹೇಳುವುದಲ್ಲ. ಅವರ ಮನೆಗೆ ಹೋಗಿ, ಚಾಪೆಯ ಮೇಲೆ ಕೂತು ಹೇಳಬೇಕು. ನೀನೊಬ್ಬಳೇ ಹೋದರೆ ಸಾಲದು, ನಾನೂ ಬರುತ್ತೇನೆ. ನನ್ನ ಮೊಮ್ಮಗಳಿಗೆ ತಾಯಿಯನ್ನು ಉಳಿಸಿದವಳು ಅವಳು.

ಮಾರನೆಯ ದಿನದಿಂದ ಅಟಾಲಿಯಾ ಹುಡುಕತೊಡಗಿದಳು. ಮಶಾವಾದಲ್ಲಿ ಲಾರಿ ನಿಂತಾಗಲೆಲ್ಲ ಕತ್ತು ಚಾಚಿ ನೋಡಿದಳು. ಹೆಂಗಸು ಹತ್ತಲಿಲ್ಲ. ವಾರ ಕಳೆಯಿತು. ಅರ್ಲಿಂಡೊನನ್ನು ಕೇಳೋಣವೆಂದು ಹೋದರೆ, ಅವಳು ಬರುವುದನ್ನು ಕಂಡೇ ಅವನ ಮುಖ ಬಿಳಿಚಿಕೊಂಡಿತು. ಪೊಲೀಸರಿಗೆ ದೂರು ಕೊಡುವವಳೆಂದುಕೊಂಡು, ಅವಳು ಬಾಯಿ ಬಿಡುವ ಮೊದಲೇ ಲಾರಿಯ ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ. “ನೋಡಕ್ಕ, ಎರಡು ಕೊಂಡಿ ಹಾಕ್ಸಿದೀನಿ. ಒಂದು ಹೋದ್ರೆ ಇನ್ನೊಂದಿರತ್ತೆ. ನಂಗೂ ಮಕ್ಕಳಿದಾವೆ.” ಅವಳಿಗೆ ಬೇಕಾದದ್ದು ಬಜಿಯಾ ಮಾರುವವಳ ವಿಳಾಸ ಎಂದು ತಿಳಿದಾಗ ಅವನಿಗೆ ಹೋದ ಉಸಿರು ಬಂತು. ಆ ಹೆಂಗಸು ವರ್ಷಗಟ್ಟಲೆ ತನ್ನ ಲಾರಿಗೇ ಬರುತ್ತಿದ್ದವಳು, ಅಂದಿನಿಂದ ಕಂಡೇ ಇಲ್ಲ, ಹೆಸರು ಗೊತ್ತಿಲ್ಲ, ಮಾರುಕಟ್ಟೆಯಲ್ಲಿ ಕೇಳಿ ನೋಡು ಎಂದ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅಟಾಲಿಯಾ ಶಿಪಾಮನೀನೆಗೆ ಹೋದಳು. ಮಾರುಕಟ್ಟೆಯ ಹಿಂಬದಿಯಲ್ಲಿ ಬಜಿಯಾದವರ ಸಾಲೇ ಇತ್ತು. ಇದ್ದಿಲ ಒಲೆ, ಕಪ್ಪು ಬಾಣಲೆ, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬ್ರೆಡ್ಡಿನ ಬುಟ್ಟಿ. ಮಶಾವಾದಿಂದ ಬರುತ್ತಿದ್ದ, ಹಳದಿ ಬಟ್ಟೆ ಕಟ್ಟುತ್ತಿದ್ದ ಅಕ್ಕ ಎಲ್ಲಿ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾಕೆ, ಸಾಲ ಕೊಟ್ಟಿದ್ಯಾ ಅವ್ಳಿಗೆ?”

“ಇಲ್ಲಮ್ಮ.”

“ಸುಂಕ ವಸೂಲಿಯೋಳಾ?”

“ಅಲ್ಲ. ಲಾರಿಯಿಂದ ಬೀಳ್ತಿದ್ದೆ. ಅವ್ರು ಹಿಡ್ಕೊಂಡ್ರು.”

ಸಾಲಿನ ಹೆಂಗಸರೆಲ್ಲ ಕೈ ನಿಲ್ಲಿಸಿ ಅವಳತ್ತ ತಿರುಗಿದರು. “ಓ,” ಎಂದಳು ಹಿರಿಯಳು, “ಆ ಬೋಗುಣಿ ನೀನೇನಾ?”

ಅವಳು ಬಿಸಿ ಬಜಿಯಾ ತೆಗೆದು ಬ್ರೆಡ್ಡಿನಲ್ಲಿಟ್ಟು ಅಟಾಲಿಯಾಳ ಕೈಗೆ ಕೊಟ್ಟಳು, ದುಡ್ಡು ಕೊಡಲು ಹೋದರೆ ಕೈ ತಳ್ಳಿದಳು. ತಿನ್ನುತ್ತ ಅಟಾಲಿಯಾ ಕೇಳಿದ್ದಿಷ್ಟು: ಹೆಂಗಸಿನ ಹೆಸರು ಜುಲ್ಮಿರಾ. ಆ ಬೆಳಗ್ಗೆ ಬರಿಗೈಲಿ ಬಂದು, ಬೋಗುಣಿ ಕೊಟ್ಟು ಒಬ್ಬಳನ್ನು ತಗೊಂಡೆ ಎಂದು ಹೇಳಿ, ಇವರ ಜೊತೆ ಕೂತು ಟೀ ಕುಡಿದು ವಾಪಸು ಹೋದವಳು ಮತ್ತೆ ಬಂದಿಲ್ಲ. ಎಣ್ಣೆಯ ಬೆಲೆ ಈ ವರ್ಷ ಎರಡು ಸಲ ಹಾರಿದೆ. ಇದ್ದಿಲೂ ಹಾಗೆಯೇ. ಬಜಿಯಾದ ಬೆಲೆ ಏರಿಸೋಣವೆಂದರೆ ತಿನ್ನುವವರ ಕೂಲಿ ಏರಿಲ್ಲ, ಮುಖ ನೋಡಿ ಹೇಗೆ ಕೇಳುವುದು? ಹೀಗಾಗಿ ಬಜಿಯಾವನ್ನೇ ಚಿಕ್ಕದು ಮಾಡಿಕೊಂಡು ಬಂದಿದ್ದರು. ಒಂದು ದಿನದ ಹಿಟ್ಟು, ಒಂದು ಬೋಗುಣಿ ಹೋದರೆ ಮೇಲೇಳುವುದು ಯಾರಿಗೂ ಸುಲಭವಲ್ಲ. ಮನೆ ಮಶಾವಾದ ಹಳೆಯ ಗೋಡಂಬಿ ಕಾರ್ಖಾನೆಯ ಗೋಡೆಯ ಹಿಂದೆ. ಅವಳ ತಾಯಿ ಅಲ್ಲೇ ಗೋಡಂಬಿ ಸುಲಿಯುತ್ತಿದ್ದಳು, ಕಾರ್ಖಾನೆ ಮುಚ್ಚುವವರೆಗೆ.

ಅಟಾಲಿಯಾ ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಳು. ತಾನು ನೆಲಕ್ಕೆ ಬೀಳಲಿಲ್ಲ, ಜುಲ್ಮಿರಾ ಬಿದ್ದಳು ಎನ್ನಿಸಿತು.

ಕಟ್ಟಡದಲ್ಲಿ ಕೆಲಸ ಮಾಡುವ ಹೆಂಗಸರು ತಮ್ಮತಮ್ಮಲ್ಲಿ ಚೀಟಿ ನಡೆಸುತ್ತಿದ್ದರು. ಆ ತಿಂಗಳ ಚೀಟಿ ಅಟಾಲಿಯಾಳದು. ಮನೆಗೆ ಇನ್ನೊಂದು ಕೋಣೆ ಕಟ್ಟಬೇಕೆಂದು, ಆ ದುಡ್ಡಿಗೆ ಸಿಮೆಂಟು ಇಟ್ಟಿಗೆ ತರುವುದೆಂದು ಮೊದಲೇ ನಿಶ್ಚಯವಾಗಿತ್ತು. ರಾತ್ರಿ ಊಟವಾದ ಮೇಲೆ ಅವಳು ಗಂಡನಿಗೆ ಬಳಸಿ ಬಳಸಿ ವಿಷಯ ಹೇಳಿದಳು. ಫೆನಿಯಾಸ ಅಂಗಳದ ಮೂಲೆಯಲ್ಲಿ ತಾನು ಅಗೆದಿಟ್ಟ ಪಾಯದ ಕಡೆ ನೋಡಿದ.

“ಕಟ್ದೇ ಇರೋ ಗೋಡೆ ಬಿದ್ದೋಗಲ್ಲ ಬಿಡು,” ಎಂದ. “ಬೋಗುಣಿ ದೊಡ್ಡದೇ ತಗೊ. ಚಿಕ್ಕದು ತಗೊಂಡು ಹೋಗಿ ಅವಮಾನ ಮಾಡ್ಬೇಡ.”

ಚೀಟಿಯ ದುಡ್ಡು ಕೈಗೆ ಬಂದ ಮೇಲಿನ ಭಾನುವಾರ ಅತ್ತೆ ಸೊಸೆ ಹೊರಟರು. ಅಟಾಲಿಯಾಳ ತಲೆಯ ಮೇಲೆ ಹೊಳೆಯುವ ಅಲ್ಯುಮಿನಿಯಂ ಬೋಗುಣಿ, ಅದರೊಳಗೆ ಅಲಸಂದೆಯ ಗಂಟು ಮತ್ತು ಎಣ್ಣೆಯ ಡಬ್ಬಿ. ಎಸ್ತೆಲಾಳ ಕಂಕುಳಲ್ಲಿ ಕಾಲು ಕಟ್ಟಿದ ಒಂದು ಕೆಂಪು ಹೇಂಟೆ. ಮೊಟ್ಟೆಯಿಡುವ ಕೋಳಿ, ಮಾರಲು ಎಷ್ಟು ಕೇಳಿದರೂ ಅವಳು ಒಪ್ಪಿರಲಿಲ್ಲ.

ಕಾರ್ಖಾನೆಯ ಗೋಡೆಯ ಹಿಂದಿನ ಓಣಿಯಲ್ಲಿ ದಾರಿ ಕೇಳಬೇಕಾಗಲೇ ಇಲ್ಲ. ಕರಿದ ವಾಸನೆಯೇ ಕರೆದುಕೊಂಡು ಹೋಯಿತು. ಜುಲ್ಮಿರಾ ತನ್ನ ಮನೆಯ ಗೇಟಿನೆದುರೇ ಒಲೆ ಹೂಡಿಕೊಂಡು ಕೂತಿದ್ದಳು. ಹಿಟ್ಟು ಯಾರದೋ ಪೇಂಟಿನ ಬಕೆಟ್ಟಿನಲ್ಲಿತ್ತು. ಎದುರಿಗೆ ಓಣಿಯ ನಾಲ್ಕೈದು ಜನ ಬ್ರೆಡ್ಡು ಹಿಡಿದು ನಿಂತಿದ್ದರು. ಅವಳು ತಲೆಯೆತ್ತಿ ನೋಡಿ, ಬೋಗುಣಿ ನೋಡಿ, ಕೋಳಿ ನೋಡಿ, ಕೊನೆಗೆ ಅಟಾಲಿಯಾಳ ಮುಖ ನೋಡಿದಳು.

“ಅಯ್ಯೋ, ನೀನಾ,” ಎಂದಳು. “ಕೈ ಹೇಗಿದೆ?”

ಒಳಗೆ ಚಾಪೆ ಹಾಸಿದರು. ಎಸ್ತೆಲಾ ಅವಸರ ಮಾಡಲಿಲ್ಲ. ಜುಲ್ಮಿರಾಳ ಮಕ್ಕಳ ಆರೋಗ್ಯ ಕೇಳಿದಳು, ತೀರಿಹೋದ ಅವಳ ತಾಯಿಯ ಊರು ಕೇಳಿದಳು, ನೀರು ಕುಡಿದಳು. ಆಮೇಲೆ ಎರಡೂ ಅಂಗೈಯನ್ನು ಬಟ್ಟಲು ಮಾಡಿ ಮೆಲ್ಲನೆ ಚಪ್ಪಾಳೆ ತಟ್ಟುತ್ತ, ತನಗಿಂತ ಎಷ್ಟೋ ಚಿಕ್ಕವಳಾದ ಆ ಹೆಂಗಸಿನ ಮುಂದೆ ತಲೆ ಬಾಗಿಸಿ, ತಮ್ಮ ನುಡಿಯಲ್ಲಿ ಕೃತಜ್ಞತೆ ಹೇಳುತ್ತ, “ಖಾನಿಮಾಂಬೊ,” ಎಂದಳು. “ನಿನ್ನ ಕೈಗೆ, ನಿನ್ನ ಹೆತ್ತೋಳಿಗೆ. ನನ್ ಮನೆ ದೀಪ ಆರೋದನ್ನ ತಡೆದೆ.” ಅಟಾಲಿಯಾ ವಾರದಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಅವಳೂ ಅದೊಂದೇ ಪದ ಹೇಳಿ ಅತ್ತಳು.

ಜುಲ್ಮಿರಾಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸೆರಗಿನಂತೆ ಹೊದ್ದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಅಮ್ಮ, ಒಂದು ಹೇಳ್ಬಿಡ್ತೀನಿ, ಆಮೇಲೆ ಬೇಕಾದ್ರೆ ಕೋಳಿ ವಾಪಸ್ ತಗೊಂಡೋಗಿ,” ಎಂದಳು. “ಇವ್ಳು ಹಿಂದಕ್ಕೆ ವಾಲ್ದಾಗ ನಾನು ಮೊದ್ಲು ನೋಡಿದ್ದು ಬೋಗುಣೀನ. ಬಿಡ್ಲೋ ಬೇಡ್ವೋ ಅಂತ ಮನಸ್ಸು ಒಂದ್ ಚೂರು ನಿಂತ್ಕೊಂತು. ಕೈ ಮಾತ್ರ ಕೇಳ್ಲಿಲ್ಲ, ಬಿಟ್ಬಿಡ್ತು. ಅವತ್ತು ರಾತ್ರಿ ಕನಸಲ್ಲೂ ಬಂದಿದ್ದು ಹಿಟ್ಟೇ, ಇವ್ಳಲ್ಲ.”

ಅಟಾಲಿಯಾ ಅಳುತ್ತಲೇ ನಕ್ಕಳು. ಎಸ್ತೆಲಾ ಹೇಂಟೆಯನ್ನು ಜುಲ್ಮಿರಾಳ ಕಡೆ ಚಾಚಿ, “ಮನಸ್ಸಿಗಲ್ಲ, ಕೈಗೇ ತಂದಿರೋದು ಕೋಳಿ. ತಗೊ,” ಎಂದಳು.

ಜುಲ್ಮಿರಾ ತಗೊಂಡಳು. ಬೋಗುಣಿಯನ್ನು ಬೆರಳಿಂದ ಬಾರಿಸಿ ಸದ್ದು ಕೇಳಿದಳು, ಎತ್ತಿ ತೂಕ ನೋಡಿದಳು. ಎಣ್ಣೆ ಡಬ್ಬಿಯನ್ನು ಆಗಲೇ ಒಡೆದು ಬಾಣಲೆಗೆ ಸುರಿದು, ಬಂದವರಿಗೆಂದು ಹೊಸದಾಗಿ ಕರಿದಳು. ಆ ಬಜಿಯಾಗಳು ಮಾರುವ ಬಜಿಯಾಗಿಂತ ದಪ್ಪಗಿದ್ದದ್ದನ್ನು ಅಟಾಲಿಯಾ ಕಂಡಳು.

ತಿನ್ನುತ್ತ ಮಾತು ಹೊಟ್ಟೆಪಾಡಿನ ಕಡೆ ಹೊರಳಿತು. ತನ್ನಿಂದ ಅವಳ ವ್ಯಾಪಾರ ಮುಳುಗಿತೆಂದು ಅಟಾಲಿಯಾ ಹೇಳಲು ಹೊರಟಾಗ ಜುಲ್ಮಿರಾ ತಡೆದಳು. ಮಾರುಕಟ್ಟೆಗೆ ಹೋಗಲು ಏನೂ ಇಲ್ಲದಿದ್ದಾಗ, ಪಕ್ಕದ ಮನೆಯವಳು ಕೊಟ್ಟ ಒಂದಿಷ್ಟು ಅಲಸಂದೆಯನ್ನು ಇಲ್ಲೇ ಗೇಟಿನೆದುರು ಕರಿದೆ ಎಂದಳು. ಮಾರುಕಟ್ಟೆಯಲ್ಲಿ ಮಾರಿದ್ದರ ಅರ್ಧವೂ ಇಲ್ಲಿ ಹೋಗುವುದಿಲ್ಲ. ಆದರೆ ಲಾರಿಗೆ ಕೊಡುವುದಿಲ್ಲ, ಮಾರುಕಟ್ಟೆಯ ಸುಂಕ ಕೊಡುವುದಿಲ್ಲ. ಸಂಜೆ ಕೈಯಲ್ಲಿ ಉಳಿಯುವುದು ಹೆಚ್ಚುಕಮ್ಮಿ ಅಷ್ಟೇ.

“ಅಷ್ಟೂ ವರ್ಷ ನಾನು ಕರೀತಿದ್ದಿದ್ದು ಅರ್ಲಿಂಡೊನ ಡೀಸಲ್‌ಗೆ ಅಂತ ಈಗ ಗೊತ್ತಾಯ್ತು,” ಎಂದಳು. “ಹಾಗಂತ ಸುಖವಾಗಿದೀನಿ ಅಂತ ಸುಳ್ಳು ಹೇಳಲ್ಲ. ಬೆಳಗ್ಗೆ ಕೆಲ್ಸಕ್ಕೆ ಹೋಗೋರು ತಿಂದು ಹೋದ್ರೆ ಮುಗೀತು, ಓಣಿ ಖಾಲಿ. ಇನ್ನೊಂದಷ್ಟು ಗಿರಾಕಿ ಇದ್ದಿದ್ರೆ ಆಗ್ತಿತ್ತು.”

ಅಟಾಲಿಯಾ ಬಾಯಲ್ಲಿದ್ದದ್ದನ್ನು ನುಂಗಿದಳು. ಕಟ್ಟಡದಲ್ಲಿ ತನ್ನ ಜೊತೆ ಕೆಲಸ ಮಾಡುವ ಹೆಂಗಸರು, ಕಾವಲಿನವರು, ಲಿಫ್ಟಿನವನು, ಎಲ್ಲರೂ ಅವಳ ಕಣ್ಣ ಮುಂದೆ ಬಂದರು. ಅಲ್ಲಿ ಸುತ್ತಮುತ್ತ ತಿನ್ನಲು ಏನು ಕೊಂಡರೂ ಸೂಟು ಹಾಕಿದವರ ಬೆಲೆ. ಮಧ್ಯಾಹ್ನ ಅರ್ಧ ಜನ ಹಿಂದಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿದೇ ಹೊತ್ತು ಕಳೆಯುತ್ತಿದ್ದರು.

“ಲಾರಿ ಇಲ್ಲೇ ತಾನೇ ನಿಲ್ಲೋದು ಅಕ್ಕ,” ಎಂದಳು ಅವಳು. “ನೀವು ಹತ್ಬೇಡಿ. ಕಟ್ಟಿ ನನ್ ಕೈಗೆ ಕೊಡಿ, ನಾನು ತಗೊಂಡೋಗ್ತೀನಿ.”

ಅಂದಿನ ಮಾತು ಅಷ್ಟಕ್ಕೇ ಮುಗಿಯಿತು. ಬುಧವಾರದಿಂದ ಕೆಲಸ ಶುರುವಾಯಿತು. ಮೊದಲ ದಿನ ತೆಗೆದುಕೊಂಡು ಹೋದದ್ದು ಕಟ್ಟಡ ತಲುಪುವ ಮೊದಲೇ ಲಾರಿಯಲ್ಲೇ ಅರ್ಧ ಖಾಲಿಯಾಯಿತು. ವಾಸನೆ ಹಿಡಿದ ಜನ ಬಿಡಲಿಲ್ಲ. ಎರಡನೆಯ ದಿನ ಜುಲ್ಮಿರಾ ಎರಡು ಗಂಟು ಕಟ್ಟಿದಳು, ಒಂದು ಲಾರಿಗೆ, ಒಂದು ಕಟ್ಟಡಕ್ಕೆ. ಅರ್ಲಿಂಡೊ ತನಗೊಂದು ಬಿಟ್ಟಿ ಸಿಗುತ್ತದೆಂದು ಮಶಾವಾದಲ್ಲಿ ಬೇರೆ ಲಾರಿಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸತೊಡಗಿದ. ಕಟ್ಟಡದಲ್ಲಿ ಮೆಟ್ಟಿಲ ಮೇಲೆ ಕೂತವರು ಮೊದಲು ತಿಂದರು. ಆಮೇಲೆ ಮೇಲಿನ ಅಂತಸ್ತಿನ ಗುಮಾಸ್ತರೂ ಒಬ್ಬೊಬ್ಬರಾಗಿ ಇಳಿದು ಬಂದು ಕೇಳತೊಡಗಿದರು. ಎಣ್ಣೆಯ ಬೆಲೆ ಇಳಿಯಲಿಲ್ಲ, ಬ್ರೆಡ್ಡು ಉದ್ದವಾಗಲಿಲ್ಲ. ಷಾಪಾದವರು ದಾರಿ ಮುರಿಯುವುದನ್ನೂ ಬಿಡಲಿಲ್ಲ. ಆದರೆ ಆಗಸ್ಟ್‌ನಲ್ಲಿ ಅಲ್ಲಿನ ಚಳಿಗಾಲ ಮುಗಿಯುವ ಹೊತ್ತಿಗೆ ಜುಲ್ಮಿರಾ ಪಕ್ಕದ ಮನೆಯವಳನ್ನು ರುಬ್ಬುವ ಕೆಲಸಕ್ಕೆ ಸೇರಿಸಿಕೊಂಡಿದ್ದಳು. ಅಟಾಲಿಯಾ ಗಂಟು ಹೊತ್ತದ್ದಕ್ಕೆ ಏನೂ ಬೇಡವೆಂದರೂ, ಮಗಳ ಪಾಲಿನದೊಂದು ಪುಟ್ಟ ಪೊಟ್ಟಣ ದಿನಾ ಬೇರೆಯಾಗಿ ಬರುತ್ತಿತ್ತು.

ಪ್ರತಿ ಬೆಳಗ್ಗೆ ಗಂಟು ಕೈಗೆ ಬಂದಾಗ ಅಟಾಲಿಯಾ ಬಗ್ಗಿ “ಖಾನಿಮಾಂಬೊ” ಎನ್ನುತ್ತಿದ್ದಳು. ಒಂದು ದಿನ ಜುಲ್ಮಿರಾ ಸೊಂಟಕ್ಕೆ ಕೈಯಿಟ್ಟು ಗದರಿದಳು. “ದಿನಾ ಹೇಳಿ ಹೇಳಿ ಆ ಮಾತು ಸವೆದೋಗತ್ತೆ ಕಣೆ. ಭಾನುವಾರಕ್ಕೊಂದ್ಸಲ ಹೇಳು, ಸಾಕು.”

ಲಾರಿಯ ಜನ ನಕ್ಕರು. ಅಟಾಲಿಯಾ ಆಗಲಿ ಎಂದು ತಲೆಯಾಡಿಸಿದಳು. ಲಾರಿ ಹೊರಟಿತು. ಚಳಿಗಾಲದ ಕೊನೆಯ ಗಾಳಿ ಕೊರೆಯುತ್ತಿತ್ತು, ಬಟ್ಟೆಯೊಳಗಿಂದ ಬಜಿಯಾದ ಬಿಸಿ ಹೊಟ್ಟೆಗೆ ತಾಗುತ್ತಿತ್ತು. ಯಾರೋ ಹಿಂದಿನಿಂದ ಅವಳ ಹೆಗಲು ಹಿಡಿದುಕೊಂಡರು, ಅವಳು ಮುಂದಿನವಳ ತೋಳು ಹಿಡಿದುಕೊಂಡಳು. ಜುಲ್ಮಿರಾ ಓಣಿಯ ಕಡೆ ತಿರುಗಿ ಹೋಗುವವರೆಗೆ ಕಾದು, ಅವಳಿಗೆ ಕೇಳದಷ್ಟು ಮೆಲ್ಲಗೆ, ಅಟಾಲಿಯಾ ಆ ಮಾತನ್ನು ಹೇಳಿಯೇ ಬಿಟ್ಟಳು.